ನೀರೊಳಗಿನ ಬದು

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಆ ರಸ್ತೆಯ ಬಾಯಲ್ಲಿ ನಾವು ನಾಲ್ಕು ಜನ ನಿಂತಿದ್ದೆವು. ನಾನು, ಹಿಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ರೇನ್ ನಡೆಸುತ್ತಿದ್ದ, ಹನ್ನೊಂದು ವರ್ಷದಿಂದ ನನ್ನ ಜೊತೆ ಇರುವ ಲಗ್ಗೆರೆಯ ಕ್ರೇನಣ್ಣ, ಒಬ್ಬ ಆಂಬುಲೆನ್ಸ್ ಚಾಲಕ, ಮತ್ತು ಕೊಡೆ ಹಿಡಿದ ಒಬ್ಬ ಸಾಹೇಬರು. ಮಳೆ ಬೆಳಗಿನ ಜಾವಕ್ಕೇ ನಿಂತಿತ್ತು, ಆದರೂ ಅವರು ಕೊಡೆ ಮಡಚಿರಲಿಲ್ಲ. ಐದನೆಯವರೊಬ್ಬರು ಇದ್ದರು, ಆದರೆ ಅಲ್ಲಿರಲಿಲ್ಲ. ಅವರು ಎದುರಿಗೆ, ಮುನ್ನೂರು ಮೀಟರ್ ಆಚೆ, ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಅವರಿಗೂ ನಮಗೂ ನಡುವೆ ನೀರು.

ಅವರು ಕನ್ನಡ ಟೀಚರು, ದಾವಣಗೆರೆ ಕಡೆಯವರು. ಎರಡೂ ಮೂತ್ರಪಿಂಡ ಕೈಕೊಟ್ಟು ಸೋಮವಾರ, ಗುರುವಾರ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. ಆ ಸೋಮವಾರ ಇದೇ ನೀರಿನಿಂದಾಗಿ ತಪ್ಪಿತ್ತು. ಇಂದೂ ತಪ್ಪಿದರೆ ಏನಾಗುತ್ತದೆ ಎಂದು ಅವರ ಯಜಮಾನರು ಫೋನಿನಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಅರ್ಥವಾಗಲು ಅಷ್ಟು ಸಾಕಾಗಿತ್ತು. ಆಸ್ಪತ್ರೆಯ ನರ್ಸು ಮಧ್ಯಾಹ್ನ ಒಂದು ಗಂಟೆಯವರೆಗೆ ಹಾಸಿಗೆ ಹಿಡಿದಿಡುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದಿದ್ದರಂತೆ. ರಕ್ಷಣಾ ದೋಣಿ ಬೇರೆ ಬಡಾವಣೆಗೆ ಹೋಗಿತ್ತು. ಮಧ್ಯಾಹ್ನ ಎರಡರ ಮೇಲೆ ನೋಡೋಣ ಎಂಬ ಉತ್ತರ ಬಂದಿತ್ತು. ಬೆಳಿಗ್ಗೆ ಎಂಟಕ್ಕೆ ಯಜಮಾನರು, ಪಕ್ಕದ ಮನೆಯ ಇಬ್ಬರು ಸೇರಿ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಲು ನೋಡಿದ್ದರು. ದಾರಿಯ ನಡುವಿನ ಮೋರಿಯ ಹತ್ತಿರ ಸೆಳೆತಕ್ಕೆ ಒಬ್ಬನ ಕಾಲು ಜಾರಿ, ಕುರ್ಚಿ ವಾಲಿ, ಮೂವರೂ ಹೆದರಿ ಹಿಂದಕ್ಕೆ ಹೋಗಿದ್ದರು.

ನೀರಿಗೆ, ಕೆಸರಿಗೆ ಸಿಕ್ಕ ಗಾಡಿಗಳನ್ನು ಎಳೆದು ದಡಕ್ಕೆ ಹಾಕುವುದು ನಮ್ಮ ಕೆಲಸ. ನಮ್ಮದು ಹಳೆಯ ಡೀಸೆಲ್ ಜೀಪು, ನಾಲ್ಕು ಚಕ್ರಕ್ಕೂ ಎಳೆತ ಉಂಟು. ಎಂಜಿನ್ನು ಉಸಿರಾಡುವ ಕೊಳವೆಯನ್ನು ತಲೆಯ ಮೇಲಕ್ಕೆ ತಂದು ನಿಲ್ಲಿಸಿದ್ದೇವೆ, ಆನೆ ಹೊಳೆಯಲ್ಲಿ ಸೊಂಡಿಲೆತ್ತಿದ ಹಾಗೆ. ಬಾನೆಟ್ಟು ಮುಳುಗುವಷ್ಟು ನೀರಿನಲ್ಲೂ ಅದು ಹೋಗುತ್ತದೆ, ಹೋಗುವವನಿಗೆ ಬುದ್ಧಿ ಇದ್ದರೆ.

ಆ ರಸ್ತೆ ಹೀಗಿದೆ. ಎಡಕ್ಕೆ ಅಪಾರ್ಟ್‌ಮೆಂಟಿನ ಕಾಂಪೌಂಡು. ಬಲಕ್ಕೆ ತಗಡು ಹೊಡೆದ ಖಾಲಿ ಜಾಗ. ಬಾಯಿಂದ ನೂರೈವತ್ತು ಅಡಿ ಒಳಗೆ ರಾಜಕಾಲುವೆಗೆ ಕಟ್ಟಿದ ಒಂದು ಮೋರಿ, ಅದರ ಮೇಲೆ ಒಂದೇ ಗಾಡಿ ಹಿಡಿಸುತ್ತದೆ. ಆ ಮೋರಿಯ ಮೇಲೆ, ಓರೆಯಾಗಿ, ಎರಡೂ ಬದಿಯ ಕಟ್ಟೆಗೆ ಮೂತಿ, ಹಿಂಭಾಗ ತಾಗಿಸಿಕೊಂಡು, ಒಂದು ಕಪ್ಪು ದೊಡ್ಡ ಕಾರು ನಿಂತಿತ್ತು. ನೀರು ಅದರ ಬಾನೆಟ್ಟಿನ ಅಂಚಿಗೆ ಬಡಿಯುತ್ತಿತ್ತು. ಅದು ಕೊಡೆ ಹಿಡಿದ ಸಾಹೇಬರ ಕಾರು. ಸಾಹೇಬರು ಆ ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ.

ಏಳು ಗಂಟೆಗೆ ಅವರು ಆಫೀಸಿಗೆಂದು ಹೊರಟರಂತೆ. ನೀರಿಗೆ ಇಳಿಯಬೇಡಿ ಎಂದು ಗೇಟಿನವನು ಹೇಳಿದ್ದನಂತೆ. ಇದು ಸಾಧಾರಣ ಗಾಡಿಯಲ್ಲ ಎಂದು ಇವರು ಇಳಿದರು. ಮೋರಿಯ ಮೇಲೆ ಆಫಾಯಿತು. ಆಫಾದ ಮೇಲಾದರೂ ಸುಮ್ಮನಿರಬೇಕಿತ್ತು. ಎರಡು ಸಲ ಮತ್ತೆ ಸ್ಟಾರ್ಟ್ ಒತ್ತಿದ್ದಾರೆ. ಎಂಜಿನ್ನಿನ ಒಳಗೆ ನೀರು ಹೋದ ಮೇಲೆ ಸ್ಟಾರ್ಟ್ ಒತ್ತಿದರೆ ಏನಾಗುತ್ತದೆ ಎಂಬುದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು; ಒಳಗಿನ ಕಬ್ಬಿಣವೇ ಬಾಗುತ್ತದೆ. ಆಮೇಲೆ ಬ್ಯಾಟರಿಯೂ ಹೋಗಿ ಗೇರು ಪಾರ್ಕಿಂಗಿನಲ್ಲೇ ಕಚ್ಚಿಕೊಂಡಿತು. ನಾಲ್ಕೂ ಚಕ್ರ ಅಲ್ಲಾಡದ ಎರಡು ಟನ್ನಿನ ಬೀಗ ಒಂದು ಆ ಮೋರಿಗೆ ಬಿದ್ದ ಹಾಗಾಯಿತು.

ನನಗೆ ಸಿಟ್ಟು ಅಲ್ಲಿಂದಲೇ ಶುರುವಾಗಿತ್ತು. ಆದರೆ ನಾಚಿಕೆ ಬಿಟ್ಟು ಹೇಳಬೇಕೆಂದರೆ, ಮೊದಲ ತಪ್ಪು ಅವರದ್ದಾದರೂ ಎರಡನೆಯದು ನನ್ನದೇ.

ನೀರಿಗೆ ಇಳಿಯುವ ಮೊದಲು ನಮ್ಮಲ್ಲಿ ಒಂದು ಕ್ರಮವಿದೆ. ಲೈನ್‌ಮನ್‌ಗೆ ಫೋನು ಮಾಡಿ ಕರೆಂಟು ತೆಗೆದಿದ್ದಾರೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಮಾಡಿಕೊಂಡೆ. ಫ್ಯಾನು ತಿರುಗಿಸುವ ಬೆಲ್ಟು ಬಿಚ್ಚಬೇಕು, ಇಲ್ಲದಿದ್ದರೆ ಫ್ಯಾನು ಎಂಜಿನ್ನಿನ ಮೇಲೆಲ್ಲ ನೀರು ಎರಚುತ್ತದೆ. ಬಿಚ್ಚಿದೆ. ವೈರುಗಳ ಜೋಡಣೆಗೆ ಗ್ರೀಸು ಬಳಿಯಬೇಕು. ಬಳಿದೆ. ಕೊನೆಯದಾಗಿ, ಗಾಡಿ ಹೋಗುವ ದಾರಿಯನ್ನು ಮೊದಲು ಮನುಷ್ಯ ನಡೆದು ನೋಡಬೇಕು, ಬಿದಿರು ಕೋಲು ಊರುತ್ತ, ಎರಡೂ ಚಕ್ರದ ಜಾಡಿನಲ್ಲಿ. ಅದನ್ನು ನಾನು ಬಿಟ್ಟೆ.

ಏಕೆ ಬಿಟ್ಟೆನೆಂದರೆ, ಬಲಗಡೆಯ ಆ ಖಾಲಿ ಜಾಗ ಒಂದು ಕಾಲಕ್ಕೆ ನಮ್ಮ ಹೊಲ. ದೊಡ್ಡನೆಕ್ಕುಂದಿಯ ಆಚೆಗಿನ ಊರು ನಮ್ಮದು. ಅಪಾರ್ಟ್‌ಮೆಂಟು ನಿಂತಿರುವುದೂ ನಮ್ಮ ಹೊಲದ ಮೇಲೆಯೇ. ಹನ್ನೆರಡು ವರ್ಷದ ಹಿಂದೆ ಅಪ್ಪ, ಚಿಕ್ಕಪ್ಪ, ನಾನು ಮೂವರೂ ಹೋಗಿ ರುಜು ಹಾಕಿ ಬಂದಿದ್ದೆವು. ಬಿಲ್ಡರು ಅರ್ಧ ಕಟ್ಟಿ, ಉಳಿದರ್ಧಕ್ಕೆ ತಗಡು ಹೊಡೆದಿದ್ದ. ಆ ಹೊಲದ ಉದ್ದಕ್ಕೆ ಒಂದು ಎತ್ತರದ ಬದು ಇತ್ತು. ರಾಗಿ ಹೊರೆ ಹೊತ್ತು ಅದರ ಮೇಲೆ ಎಷ್ಟು ಸಲ ನಡೆದಿದ್ದೇನೋ. ಅದು ಮೋರಿಯನ್ನು ಬಳಸಿಕೊಂಡು, ಕಾಲುವೆ ಸಣ್ಣದಾಗುವ ಕಡೆ ಕಲ್ಲುಚಪ್ಪಡಿ ದಾಟಿ, ಈಗ ಗೇಟು ಇರುವಲ್ಲಿಗೆ ಸೇರುತ್ತಿತ್ತು. ಪ್ರವಾಹಕ್ಕೆ ಒಂದು ಕಡೆ ತಗಡು ಮಲಗಿಬಿಟ್ಟಿತ್ತು. ಆ ಕಿಂಡಿಯಲ್ಲಿ ಜೀಪು ನುಗ್ಗಿಸಿ ಬದುವಿನ ಮೇಲೆ ಹೋಗಿಬಿಟ್ಟರೆ ಸಾಹೇಬರ ಹಂಗೇ ಬೇಡ ಎನ್ನಿಸಿತು. ಕಣ್ಣು ಮುಚ್ಚಿದರೂ ಆ ಬದು ನನಗೆ ಕಾಣುತ್ತಿತ್ತು. ಅದೇ ಕೆಟ್ಟದ್ದು. ಕೊಂಡುಕೊಂಡವನು ಹೊರಗಿನವನಾದ್ದರಿಂದ ಪ್ರತಿ ಅಡಿಯನ್ನೂ ಅಳೆದು ನೋಡುತ್ತಾನೆ. ಮಾರಿದವನಿಗೆ ಮಾತ್ರ ಮಾರಿದ ಮೇಲೂ ನೆಲ ತನ್ನದೇ ಎಂಬ ಭ್ರಮೆ.

ಕ್ರೇನಣ್ಣ ಕೋಲು ಹಿಡಿದು ಇಳಿಯಲು ಹೊರಟಿದ್ದರು. ಬ್ಯಾಡ ಬಿಡಣ್ಣ, ನಮ್ಮ ಹೊಲ, ನನಗೆ ಗೊತ್ತು ಎಂದೆ. ಅವರು ಒಂದು ಸಲ ನನ್ನ ಮುಖ ನೋಡಿ ಕೋಲನ್ನು ಮರಕ್ಕೆ ಒರಗಿಸಿದರು.

ನಲವತ್ತು ಅಡಿ ಚೆನ್ನಾಗಿಯೇ ಹೋಯಿತು. ಮೊದಲ ಗೇರು, ಕ್ಲಚ್ಚಿಗೆ ಕಾಲಿಡದೆ, ಮುಂದೆ ಒಂದೇ ಅಲೆ ತಳ್ಳಿಕೊಂಡು. ಚಕ್ರದಡಿ ಗಟ್ಟಿ ನೆಲ ಸಿಕ್ಕಿತು. ನೋಡಿದೆಯಾ ಎಂದು ಕ್ರೇನಣ್ಣನ ಕಡೆ ತಿರುಗುವಷ್ಟರಲ್ಲಿ ಎಡಗಡೆಯ ಮುಂದಿನ ಚಕ್ರ ಇಲ್ಲವಾಯಿತು. ಜೀಪು ಮೂತಿ ಊರಿ ಎಡಕ್ಕೆ ಮಲಗಿತು. ನೀರು ಸ್ಟೇರಿಂಗಿನ ಮಟ್ಟಕ್ಕೆ ಬಂತು. ಕೊಳವೆ ಮಾತ್ರ ಮೇಲಿತ್ತು, ಹಾಗಾಗಿ ಎಂಜಿನ್ನು ಗೊರಗೊರ ಎನ್ನುತ್ತಲೇ ಇತ್ತು.

ಎರಡನೇ ಕಟ್ಟಡಕ್ಕೆಂದು ಬಿಲ್ಡರು ಕಂಬದ ಗುಂಡಿಗಳನ್ನು ತೋಡಿಸಿ ಬಿಟ್ಟುಹೋಗಿದ್ದ. ನಮ್ಮ ಬದುವನ್ನು ಕಡಿದು, ಅದರ ಸಾಲಿನಲ್ಲೇ.

ಕ್ರೇನಣ್ಣ ಸೊಂಟದ ನೀರಿನಲ್ಲಿ ಬಂದು, ಬಾಗಿಲ ಮೇಲೆ ಕೈಯಿಟ್ಟು, ಸಾವಧಾನವಾಗಿ ಬೈದರು.

"ನಿಮ್ಮಪ್ಪನ ಹೊಲ ಅಂತ ಗುಂಡಿ ನಿನ್ ನೋಡಿ ಪಕ್ಕಕ್ ಸರಿಯುತ್ತಾ ಗುರು? ಆಯಮ್ಮಂಗೆ ಮಧ್ಯಾನ ಒಂದ್ರವರ್ಗೂ ಟೈಮು. ಅದ್ರಲ್ಲಿ ಒಂದ್ ಗಂಟೆ ನೀನೇ ತಿಂದೆ."

ಒಂದಲ್ಲ, ಒಂದೂಕಾಲು ಗಂಟೆ ತಿಂದೆ. ಉಕ್ಕಿನ ಹಗ್ಗ ಸುತ್ತಿಕೊಂಡು ಎಳೆಯುವ ವಿಂಚು ಇರುವುದು ಜೀಪಿನ ಮುಂದೆ. ಮುಂದಕ್ಕೆ ಎಳೆದರೆ ಇನ್ನೊಂದು ಗುಂಡಿ ಇರುವುದಿಲ್ಲವೆಂದು ಯಾರು ಹೇಳಬೇಕು? ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕಿತ್ತು. ರಸ್ತೆ ಪಕ್ಕದಲ್ಲಿ ಒಂದು ಹೊಂಗೆ ಮರವಿತ್ತು. ಅದರ ಬುಡಕ್ಕೆ ಅಗಲ ಬೆಲ್ಟು ಸುತ್ತಿ, ಕೈಯಿಂದ ಲಿವರ್ ಆಡಿಸುವ ಎಳೆಯಂತ್ರವನ್ನು ಅದಕ್ಕೆ ಕಟ್ಟಿ, ಉಕ್ಕಿನ ಹಗ್ಗವನ್ನು ಜೀಪಿನ ಹಿಂದಿನ ಕೊಕ್ಕೆಗೆ ತಂದೆವು. ಹಗ್ಗ ಕಿತ್ತು ಬಂದರೆ ಚಾಟಿಯಂತೆ ಬೀಸುತ್ತದೆ, ಕಾಲು ಕತ್ತರಿಸಿಬಿಡುತ್ತದೆ. ಅದಕ್ಕೇ ನಡುವೆ ಒದ್ದೆ ಗೋಣಿಚೀಲ ಹೊದಿಸಿದೆವು. ಒಂದು ಸಲ ಲಿವರ್ ಆಡಿಸಿದರೆ ಎರಡು ಬೆರಳು ದೂರ ಬರುತ್ತದೆ. ಆಂಬುಲೆನ್ಸ್ ಚಾಲಕ ಪ್ಯಾಂಟು ಮಡಚಿ ತಾನೂ ಕೈಹಾಕಿದ. ಆತನ ಹೆಸರೂ ನನಗೆ ಗೊತ್ತಿಲ್ಲ, ಅವನ ಅಂಗೈಯ ಬೊಬ್ಬೆ ಮಾತ್ರ ನೆನಪಿದೆ. ಸಾಹೇಬರು ಕೊಡೆಯ ಕೆಳಗೆ ನಿಂತು ನಮ್ಮ ವೀಡಿಯೋ ಮಾಡುತ್ತಿದ್ದರು.

ಲಿವರ್ ಆಡಿಸುತ್ತ ಆಡಿಸುತ್ತ ನನಗೆ ನಮ್ಮಜ್ಜಿಯ ಮಾತು ನೆನಪಿಗೆ ಬಂತು. ಆ ಹೊಲಕ್ಕೆ ನಮ್ಮ ಮನೆಯಲ್ಲಿ ಕೋಡಿ ಹೊಲ ಎನ್ನುತ್ತಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಅಲ್ಲೇ ಹಾದು ಕೆಳಗಿನ ಕೆರೆಗೆ ಹೋಗಬೇಕು. ತುಂಬಿದ ವರ್ಷ ಬೆಳೆ ಬಿಟ್ಟುಬಿಡುತ್ತಿದ್ದರು. ಯಾರೋ ಅಲ್ಲಿ ದನದ ಕೊಟ್ಟಿಗೆ ಹಾಕೋಣವೆಂದಾಗ ಅಜ್ಜಿ, ಅದು ಕೆರೆಯಮ್ಮನ ಸೆರಗು ಕಣೋ, ಅದರ ಮೇಲೆ ಯಾರಾದ್ರೂ ಗೂಟ ಹೊಡೀತಾರಾ ಎಂದು ಗದರಿದ್ದರು. ದನಕ್ಕೇ ಆಗದ ಜಾಗವನ್ನು ಮನುಷ್ಯರು ಮಲಗಲು ಮಾರಿದವರು ನಾವು. ಬಿಲ್ಡರು ಕಾಲುವೆಯ ಅಂಚಿಗೇ ಗೋಡೆ ಕಟ್ಟಿದ. ಆಮೇಲೆ ಸಂಘದವರು, ನಮ್ಮೂರಿನ ಚರಂಡಿ ನೀರು ಒಳಗೆ ಬರಬಾರದೆಂದು, ಅದನ್ನು ಇನ್ನೂ ಎರಡಡಿ ಏರಿಸಿದರು. ಹೊರಗಿನ ನೀರನ್ನು ತಡೆಯಲೆಂದು ಏರಿಸಿದ ಗೋಡೆ ಈಗ ಒಳಗಿನ ನೀರನ್ನು ಹೊರಗೆ ಬಿಡದೆ ತೊಟ್ಟಿಯಂತೆ ಹಿಡಿದಿಟ್ಟುಕೊಂಡಿತ್ತು. ಯಾರ ಮೇಲೆ ಸಿಟ್ಟಾಗಬೇಕೆಂದು ಒಬ್ಬೊಬ್ಬರನ್ನೇ ನೆನೆಯುತ್ತ ಹೋದರೆ ಸಾಲಿನ ಮೊದಲಿಗೆ ನಮ್ಮ ಮನೆಯೇ ಬರುತ್ತಿತ್ತು. ಅದು ಸಿಟ್ಟನ್ನು ಕಡಿಮೆ ಮಾಡಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ ಜೀಪು ರಸ್ತೆಗೆ ಬಂತು. ಎಂಜಿನ್ ಎಣ್ಣೆಯ ಕಡ್ಡಿ ಎಳೆದು ನೋಡಿದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಅಂದರೆ ಒಳಗೆ ನೀರು ಸೇರಿರಲಿಲ್ಲ. ಬದುಕಿದೆ ಎಂದುಕೊಂಡೆ. ಇನ್ನು ಉಳಿದದ್ದು ಮೋರಿಯೊಂದೇ.

ಇಲ್ಲಿ ನಮ್ಮ ಇನ್ನೊಂದು ಕ್ರಮವನ್ನು ಹೇಳಬೇಕು. ಯಾರ ಗಾಡಿಯನ್ನೇ ಎಳೆಯಲಿ, ಹಗ್ಗದ ಕೊಂಡಿಗೆ ಹಾಕುವ ಪಿನ್ನನ್ನು ಆ ಗಾಡಿಯ ಮಾಲೀಕರ ಕೈಗೇ ಕೊಟ್ಟು ತಿರುಗಿಸಲು ಹೇಳುತ್ತೇವೆ. ಕ್ರೇನಣ್ಣ ಪೀಣ್ಯದಿಂದ ತಂದ ಪದ್ಧತಿ ಇದು. ಅಲ್ಲಿ ಯಾರ ಸರಕೋ ಅವರು ಕೊಕ್ಕೆ ಮುಟ್ಟದೆ ಇವರು ಕ್ರೇನ್ ಎತ್ತುತ್ತಿರಲಿಲ್ಲವಂತೆ. ಕಾಗದ, ಸಹಿ ಇವೆಲ್ಲ ನಮ್ಮಲ್ಲಿಲ್ಲ. ಮಾಲೀಕರು ಪಿನ್ ತಿರುಗಿಸಿದರೆ ಹೂಂ ಎಂದ ಹಾಗೆ. ತಿರುಗಿಸದಿದ್ದರೆ ನಾವು ಗಾಡಿ ಮುಟ್ಟುವುದಿಲ್ಲ. ಹನ್ನೊಂದು ವರ್ಷ ಇದನ್ನು ಒಮ್ಮೆಯೂ ಮೀರಿರಲಿಲ್ಲ. ಮುಳುಗಿದ ಗಾಡಿ ಕೂಡ ಇನ್ನೊಬ್ಬರ ಬೆವರೇ.

ಪಿನ್ನು ತೆಗೆದುಕೊಂಡು ಸಾಹೇಬರ ಹತ್ತಿರ ಹೋದೆ. ಪರಿಸ್ಥಿತಿ ಹೇಳಿದೆ. ಅವರಿಗೆ ಗೊತ್ತಿಲ್ಲದ್ದೇನೂ ಅದರಲ್ಲಿರಲಿಲ್ಲ. ಟೀಚರು ಅವರದೇ ಬ್ಲಾಕಿನವರು.

"ನೋಡಿ ಬ್ರದರ್, ಇದು ಆಟೋಮ್ಯಾಟಿಕ್ಕು. ವ್ಹೀಲ್ ಲಾಕ್ ಆಗಿರೋವಾಗ ಎಳುದ್ರೆ ಗೇರ್‌ಬಾಕ್ಸ್ ಹೋಗುತ್ತೆ, ವಾರಂಟಿ ಹೋಗುತ್ತೆ. ಕಂಪನಿಯವ್ರು ಫ್ಲಾಟ್‌ಬೆಡ್ ಟ್ರಕ್ ಕಳಿಸ್ತಿದಾರೆ. ನಾಲ್ಕ್ ಗಂಟೆ ಅಂದಿದಾರೆ. ಅಲ್ಲೀವರ್ಗೂ ಯಾರೂ ಟಚ್ ಮಾಡೋ ಹಾಗಿಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗೇರ್‌ಬಾಕ್ಸು ಹೋಗಬಹುದಿತ್ತು. ಅದನ್ನೇ ನಾನೂ ಒಪ್ಪಿಕೊಂಡು, ಎಂಜಿನ್ನಂತೂ ಆಗಲೇ ಹೋಗಿದೆ ಸಾರ್ ಎಂದೆ. ಕೈಮುಗಿದೆ. ನಾನು ಸುಲಭವಾಗಿ ಕೈಮುಗಿಯುವವನಲ್ಲ. ಅವರು ಫೋನು ನೋಡುತ್ತ, ಬೋಟ್ ಬರುತ್ತಲ್ಲ, ಎಮರ್ಜೆನ್ಸಿಗೆ ಅದಕ್ಕೇ ಇರೋದು ಎಂದರು.

ಅಷ್ಟರಲ್ಲಿ ಟೀಚರ ಯಜಮಾನರ ಫೋನು ಬಂತು. ಅವರು ಏನೋ ಕೇಳಲು ಬಾಯಿ ತೆರೆದರು, ಹಿಂದಿನಿಂದ ಟೀಚರೇ ಫೋನು ಇಸಿದುಕೊಂಡರು. ಮಾತಿನ ನಡುವೆ ಎರಡೆರಡು ಸಲ ಉಸಿರೆಳೆದುಕೊಳ್ಳುತ್ತಿದ್ದರು.

"ಅಪ್ಪಾ, ನಾ ಅವಸರ ಮಾಡಾಕ ಫೋನ್ ಮಾಡಿಲ್ಲ. ರಾತ್ರಿಯಿಂದ ಮಲಗಾಕ ಆಗಿಲ್ಲ, ಮಲಗಿದ್ರ ನೀರು ಎದಿಗೆ ಬರತೈತಿ. ಕುಂತೇ ಅದೀನಿ. ಆಗಾಂಗಿಲ್ಲ ಅಂದ್ರ ಆಗಾಂಗಿಲ್ಲ ಅಂತ ಹೇಳಿಬಿಡು. ಸುಳ್ಳ ಭರವಸಿ ಮಾತ್ರ ಬ್ಯಾಡ."

ಹೊರಗೆಲ್ಲ ನೀರು, ಒಳಗೂ ನೀರು. ಹನ್ನೆರಡೂವರೆಗೆ ಬಟ್ಟೆ ಹಾಕ್ಕೊಂಡು ಮೆಟ್ಟಿಲ ಹತ್ರ ಇರಿ ಅಮ್ಮ ಎಂದು ಹೇಳಿ ಫೋನಿಟ್ಟೆ. ಹೇಳಿಯಾದ ಮೇಲೆ ಯೋಚಿಸಲು ಏನೂ ಉಳಿದಿರಲಿಲ್ಲ.

ಕ್ರೇನಣ್ಣನ ಹತ್ತಿರ ಹೋಗಿ, ಎಳೀತೀನಿ ಎಂದೆ. ಅವರು ಸಾಹೇಬರ ಕಡೆ ನೋಡಿದರು, ನನ್ನ ಕೈಯಲ್ಲಿದ್ದ ಪಿನ್ನಿನ ಕಡೆ ನೋಡಿದರು.

"ಅವ್ರು ಮುಟ್ಟಿಲ್ಲ."

"ಇಲ್ಲ."

"ಆಮೇಲೆ ನನ್ನೂ ಕೇಳ್ತಾರೆ ಸ್ಟೇಷನ್ನಲ್ಲಿ. ಕಟ್ಟಿದ್ದು ನಾನೇ ಅಂತೀನಿ," ಎಂದು ಹೇಳಿ ಅಂಗಿ ಬಿಚ್ಚಿದರು.

ಜೀಪನ್ನು ಮೊಣಕಾಲು ನೀರಿನವರೆಗೆ ತಂದು ನಿಲ್ಲಿಸಿ, ಅದರ ಹಿಂಭಾಗವನ್ನು ಸರಪಣಿಯಿಂದ ಹೊಂಗೆ ಮರಕ್ಕೆ ಕಟ್ಟಿದೆವು. ಇಲ್ಲದಿದ್ದರೆ ಹಗುರದ ಜೀಪು ಭಾರದ ಕಾರನ್ನು ಎಳೆಯುವ ಬದಲು ತಾನೇ ಅದರ ಕಡೆ ಜಾರುತ್ತದೆ. ಕಾರಿನ ಎಳೆಕೊಕ್ಕೆ ಡಿಕ್ಕಿಯ ಒಳಗಿನ ಸಾಮಾನಿನಲ್ಲಿರುತ್ತದೆ. ಡಿಕ್ಕಿಗೆ ಬೀಗ, ಕೀ ಸಾಹೇಬರ ಜೇಬಿನಲ್ಲಿ. ಕ್ರೇನಣ್ಣ ಮೂಗು ಹಿಡಿದು ಮೂರು ಸಲ ಮುಳುಗಿ, ಮುಂದಿನ ಚಕ್ರಗಳ ಹಿಂದಿನ ಕಬ್ಬಿಣದ ತೋಳುಗಳಿಗೆ ಬೆಲ್ಟು ಸುತ್ತಿದರು. ಎರಡು ಬೆಲ್ಟಿನ ತುದಿಗಳನ್ನು ಒಂದೇ ಕೊಂಡಿಗೆ ತಂದೆ. ಪಿನ್ನು ನಾನೇ ತಿರುಗಿಸಿದೆ.

ಸಾಹೇಬರಿಗೆ ಆಗ ಅರ್ಥವಾಯಿತು. ಓಡಿ ಬಂದರು, ಕೊಡೆ ಬಿದ್ದುಹೋಯಿತು. ಏನೇನೋ ಅಂದರು. ನಾನು ಯಾರೆಂದು ಗೊತ್ತಿದೆಯಾ ಎಂದರು, ಜೈಲಿಗೆ ಹಾಕಿಸುತ್ತೇನೆ ಎಂದರು. ಹಗ್ಗದ ಹತ್ತಿರ ಬರಬೇಡಿ, ಕಾಲು ಹೋಗುತ್ತೆ ಎಂದು ಆಂಬುಲೆನ್ಸ್ ಚಾಲಕ ಅವರ ಭುಜ ಹಿಡಿದು ಹಿಂದಕ್ಕೆ ನಿಲ್ಲಿಸಿದ. ಅವರ ಒಳ್ಳೆಯದಕ್ಕೇ ಹೇಳಿದ್ದು ಅದು.

ವಿಂಚಿನ ಗುಂಡಿ ಒತ್ತಿದೆ. ಹಗ್ಗ ಬಿಗಿಯಿತು, ಗೋಣಿಚೀಲ ನಡುಗಿತು, ಜೀಪಿನ ಮೂತಿ ಬಗ್ಗಿತು. ಕಾರು ಅಲ್ಲಾಡಲಿಲ್ಲ. ಬಿಟ್ಟು, ಕ್ರೇನಣ್ಣ ಹಗ್ಗದ ಕೋನವನ್ನು ಸ್ವಲ್ಪ ಎಡಕ್ಕೆ ಬದಲಿಸಿದ ಮೇಲೆ, ಮತ್ತೆ ಒತ್ತಿದೆ. ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ: ಅಷ್ಟು ಆಳದ ನೀರಿನಲ್ಲಿ ಕಾರಿನ ಅರ್ಧ ಭಾರವನ್ನು ನೀರೇ ಹೊತ್ತಿರುತ್ತದೆ. ಕಚ್ಚಿಕೊಂಡ ಚಕ್ರವೂ ಪಾಚಿ ಹಿಡಿದ ಕಾಂಕ್ರೀಟಿನ ಮೇಲೆ ಜಾರುತ್ತದೆ. ಹಿಂಭಾಗ ಮೊದಲು ಕಟ್ಟೆಯಿಂದ ಬಿಡಿಸಿಕೊಂಡಿತು, ಬಾಗಿಲ ಉದ್ದಕ್ಕೂ ಕೆರೆದ ಸದ್ದು ಬಂತು, ಮುಂದಿನ ಬಂಪರು ಒಂದು ಕಡೆ ಕಿತ್ತು ತೇಲಿತು. ಆಮೇಲೆ ಕಾರು ಮೆಲ್ಲನೆ, ಹೆಣ್ಣು ಒಪ್ಪಿಸುವ ದಿನದ ನೆಂಟರ ಹಾಗೆ ಮನಸ್ಸಿಲ್ಲದ ಮನಸ್ಸಿನಿಂದ, ನಮ್ಮ ಕಡೆ ಹೊರಟಿತು. ರಸ್ತೆ ಅಗಲವಾಗುವಲ್ಲಿಗೆ ತಂದು ಕಾಂಪೌಂಡಿಗೆ ಒತ್ತರಿಸಿ ಬಿಟ್ಟೆವು. ಹನ್ನೆರಡೂ ಹತ್ತು.

ನಾನು ಹಿಂದೆಂದೂ ಬೇರೆಯವರ ಗಾಡಿಯನ್ನು ಹಾಗೆ ಹಾಳುಮಾಡಿರಲಿಲ್ಲ. ಆ ಬಾಗಿಲು ಕೆರೆದ ಸದ್ದು ಸಂತೋಷ ಕೊಡಲಿಲ್ಲ. ಕೊಟ್ಟಿತೆಂದು ಊರಲ್ಲಿ ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ, ಅದು ಸುಳ್ಳು.

ಈ ಸಲ ಕ್ರೇನಣ್ಣ ಕೋಲು ಊರುತ್ತ ಮುಂದೆ ನಡೆದರು, ನಾನು ಅವರ ಹಿಂದೆ ಹತ್ತಡಿ ಬಿಟ್ಟು ಜೀಪು ಬಿಟ್ಟೆ. ಮೋರಿಯ ಮೇಲೆ ನೀರು ಬಲದಿಂದ ಎಡಕ್ಕೆ ತಳ್ಳುತ್ತಿತ್ತು, ಹಿಂದಿನ ಚಕ್ರ ಎರಡು ಸಲ ಗೇಣು ಗೇಣು ಸರಿಯಿತು. ಅಂಥ ಹೊತ್ತಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಮುಗಿಯಿತು. ಒಂದೇ ಸಮ ಒತ್ತಿಕೊಂಡೇ ಇರಬೇಕು. ಗೇಟಿನಲ್ಲಿ ಸೆಕ್ಯೂರಿಟಿಯವನು ಕುರ್ಚಿಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅಡ್ಡಗೋಲು ಇಳಿಬಿಟ್ಟಿತ್ತು. ಹೊರಗಿನ ಗಾಡಿ ಒಳಗೆ ಬಿಡಬೇಕಾದರೆ ಸೆಕ್ರೆಟರಿ ಸಾಹೇಬರ ಒಪ್ಪಿಗೆ ಫೋನಿನಲ್ಲಿ ಬರಬೇಕು ಸಾರ್ ಎಂದ. ಕ್ರೇನಣ್ಣ ಅಡ್ಡಗೋಲಿಗೆ ಭುಜ ಕೊಟ್ಟು ಎತ್ತಿದರು. ಅವನೂ ಇಳಿದು ಬಂದು ಇನ್ನೊಂದು ತುದಿಗೆ ಕೈಕೊಟ್ಟ. ಪಾಪ, ಹೇಳಬೇಕಾದ್ದನ್ನು ಹೇಳಿದ್ದ, ಅಷ್ಟೇ.

ಟೀಚರು ಮೆಟ್ಟಿಲ ಮೇಲೆ ಕುಳಿತಿದ್ದರು. ಮುಖ ಊದಿತ್ತು, ಕಾಲು ಕಂಬದ ಹಾಗಿತ್ತು. ಯಜಮಾನರು, ಪಕ್ಕದ ಮನೆಯವರು ಸೇರಿ ಎತ್ತಿ ಮುಂದಿನ ಸೀಟಿಗೆ ತಂದರು. ಸೀಟಿನ ಮೇಲೆ ದಿಂಬು ಇಟ್ಟು ಎತ್ತರ ಮಾಡಿದ್ದೆವು, ಆದರೂ ಪಾದ ನೀರಿನಲ್ಲೇ ಇತ್ತು. ಗೇಟು ದಾಟಿ ಮೋರಿಯ ಹತ್ತಿರ ಬಂದಾಗ ಅವರು ಎಡಕ್ಕೆ ಬಿದ್ದ ತಗಡನ್ನು, ಅದರಾಚೆಯ ನೀರಿನ ಬಯಲನ್ನು ನೋಡಿ ಕೇಳಿದರು.

"ಇದು ಮೊದಲು ಯಾರ ಹೊಲ ಆಗಿತ್ತಪ?"

"ನಮ್ದೇ ಅಮ್ಮ."

"ಇಲ್ಲಿ ನೀರು ಬರತೈತಿ ಅಂತ ನಿಮಗ ಗೊತ್ತಿತ್ತೇನು?"

ಸುಳ್ಳು ಹೇಳಬಹುದಿತ್ತು. ಸೆಳೆತದ ನಡುವೆ, ಕಣ್ಣು ನೀರಿನ ಮೇಲಿಟ್ಟುಕೊಂಡು, ಸುಳ್ಳು ಹುಟ್ಟಲಿಲ್ಲ. ಗೊತ್ತಿತ್ತು ಎಂದೆ.

"ಮಾರುವಾಗ ಹೇಳಬೇಕಿತ್ತು," ಎಂದರು. ಬೈಗುಳದ ದನಿಯಲ್ಲಲ್ಲ. ಮಕ್ಕಳ ಪುಸ್ತಕದಲ್ಲಿ ತಪ್ಪಿದ ಒತ್ತಕ್ಷರ ತೋರಿಸುವ ಹಾಗೆ. ಸಾಹೇಬರು ಅರ್ಧ ಗಂಟೆ ಬೈದದ್ದು ನನಗೆ ತಾಗಿರಲಿಲ್ಲ, ಇದು ತಾಗಿತು. ನಾವು ಕೊಂಡವನ ಕಣ್ಣಿಗೆ ಮಣ್ಣೆರಚಿದೆವು, ಅವನು ಕಟ್ಟಿ ಇವರ ಕಣ್ಣಿಗೆ ಎರಚಿದ. ಅಜ್ಜಿಗೆ ಗೊತ್ತಿದ್ದ ಒಂದು ಮಾತನ್ನು ಬಾಯಿಬಿಟ್ಟು ಹೇಳಲು ಮೂರು ಜನ ಗಂಡಸರಿಗೆ ಅಂದು ನಾಲಗೆ ಬರಲಿಲ್ಲ. ಹೇಳಿದರೆ ಬೆಲೆ ಇಳಿಯುತ್ತಿತ್ತು.

ಆಂಬುಲೆನ್ಸಿಗೆ ಏರಿಸುವಾಗ ಹನ್ನೆರಡೂ ನಲವತ್ತು. ಚಾಲಕ ಸೈರನ್ ಹಾಕಿಕೊಂಡು ಹೋದ. ಒಂದು ಗಂಟೆ ಐದು ನಿಮಿಷಕ್ಕೆ ಯಜಮಾನರಿಂದ ಮೆಸೇಜು ಬಂತು: ನರ್ಸು ಹಾಸಿಗೆ ಬಿಟ್ಟಿರಲಿಲ್ಲ, ಸೂಜಿ ಹಾಕಿದರು. ಕ್ರೇನಣ್ಣ ಅದನ್ನು ಎರಡು ಸಲ ಓದಿಸಿದರು. ಆಮೇಲೆ ನಾವು ಜೀಪಿನ ಬ್ರೇಕು ಒಣಗಿಸಲು ಮುಖ್ಯರಸ್ತೆಯಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನಿಧಾನವಾಗಿ ಒಂದು ಸುತ್ತು ಹಾಕಿ ಬಂದೆವು.

ಒಂದು ವಾರದ ಮೇಲೆ ಠಾಣೆಯಿಂದ ಕರೆ ಬಂತು. ಬೇಕೆಂದೇ ವಾಹನ ಹಾಳುಮಾಡಿದ್ದಾನೆ ಎಂದು ಸಾಹೇಬರು ದೂರು ಬರೆದುಕೊಟ್ಟಿದ್ದರು. ವೀಡಿಯೋ ಕೂಡ ಇತ್ತು. ನಾವು ಹೋದಾಗ ಅವರೂ ಅಲ್ಲೇ ಕುಳಿತಿದ್ದರು. ಅಧಿಕಾರಿ ಕೇಳಿದರು, ನಾನು ಒಪ್ಪಿಕೊಂಡೆ: ಎಳೀಬಹುದಾ ಅಂತ ಕೇಳಿದೆ, ಬೇಡ ಅಂದರು, ಎಳೆದೆ. ಕ್ರೇನಣ್ಣ ಪಕ್ಕದಿಂದ, ಕಟ್ಟಿದ್ದು ನಾನು ಸಾರ್ ಎಂದು ಸೇರಿಸಿದರು. ಕ್ಷಮಾಪಣೆ ಬರೆದುಕೊಟ್ಟರೆ ಮುಗಿಸೋಣ ಎಂಬ ಮಾತು ಬಂತು. ಕಾರು ಕೆರೆದದ್ದಕ್ಕೆ ಬೇಕಾದರೆ ಬರೆಯುತ್ತೇನೆ, ಎಳೆದದ್ದಕ್ಕೆ ಬರೆಯುವುದಿಲ್ಲ ಎಂದೆ. ಅಷ್ಟರಲ್ಲಿ ಟೀಚರು ಯಜಮಾನರ ತೋಳು ಹಿಡಿದು ಒಳಗೆ ಬಂದರು. ಗೀಟು ಹಾಕಿದ ಕಾಗದದಲ್ಲಿ ಎರಡು ಪುಟ, ಮುತ್ತು ಪೋಣಿಸಿದ ಅಕ್ಷರ. ಆ ದಿನ ಬೆಳಿಗ್ಗೆ ಎಂಟರಿಂದ ಏನೇನಾಯಿತೆಂದು ಗಂಟೆ ಗಂಟೆ ಲೆಕ್ಕದಲ್ಲಿ ಬರೆದಿದ್ದರು. ಗಾಡಿಯ ಕೀ ಕೊಡಿ, ಪಕ್ಕಕ್ಕೆ ಸರಿಸೋಣ ಎಂದು ಯಜಮಾನರು ಸಂಘದ ವಾಟ್ಸಾಪ್ ಗುಂಪಿನಲ್ಲಿ ಮೂರು ಸಲ ಬೇಡಿಕೊಂಡದ್ದೂ, ದಯವಿಟ್ಟು ಪ್ಯಾನಿಕ್ ಮಾಡಬೇಡಿ ಎಂದು ಸೆಕ್ರೆಟರಿ ಮೂರು ಸಲವೂ ಒಂದೇ ಉತ್ತರ ಹಾಕಿದ್ದೂ ಅದರಲ್ಲಿತ್ತು. ಅಧಿಕಾರಿ ಓದಿ ಮುಗಿಸಿ ಅದನ್ನು ಸಾಹೇಬರ ಕೈಗೆ ಕೊಟ್ಟರು. ಸಾಹೇಬರು ಓದಿದರು. ನಾಳೆ ಬರುತ್ತೇನೆ ಎಂದು ಎದ್ದುಹೋದರು. ಮರುದಿನ ನಾವು ಹೋಗಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತೆವು. ಅವರು ಬರಲಿಲ್ಲ, ಮತ್ತೆಂದೂ ಬರಲಿಲ್ಲವಂತೆ.

ಆ ತಿಂಗಳ ಕೊನೆಗೆ ಟೀಚರು ಬೇಗೂರಿನ ಕಡೆ ಬಾಡಿಗೆ ಮನೆ ನೋಡಿದರು, ತಂಗಿಯ ಮನೆಗೂ ಡಯಾಲಿಸಿಸ್ ಇರುವ ಒಂದು ಆಸ್ಪತ್ರೆಗೂ ಹತ್ತಿರ. ಕರಾರು ಮಾಡಿಕೊಳ್ಳುವ ದಿನ ನನ್ನನ್ನೂ ಬರಹೇಳಿದರು. ಮನೆಯೊಡತಿ ಕಾಗದ ಮುಂದಿಟ್ಟಾಗ ಪೆನ್ನು ತೆಗೆದುಕೊಂಡು, ಬರೆಯದೆ, ನನ್ನ ಕಡೆ ತಿರುಗಿದರು.

"ಇಲ್ಲಿ ಮೊದಲು ಏನಿತ್ತು, ಕೇಳಿಕೊಂಡು ಬಾರಪ."

ಗುಡಿಯ ಜಗಲಿಯ ಮೇಲೆ ಕೂತಿದ್ದ ಮೂವರು ಹಿರಿಯರನ್ನು ಬೇರೆ ಬೇರೆಯಾಗಿ ಕೇಳಿದೆ. ಬಂದು ಹೇಳಿದೆ: ಹುರುಳಿ ಬಿತ್ತುತ್ತಿದ್ದ ದಿಬ್ಬವಂತೆ, ಎಂಥ ಮಳೆಗೂ ನೀರು ನಿಲ್ಲುತ್ತಿರಲಿಲ್ಲವಂತೆ. ಅವರು ಕನ್ನಡಕ ಸರಿಮಾಡಿಕೊಂಡು ಸಹಿ ಹಾಕಿದರು.